ಒಂದೇ ಸೀಸೆ, ಆರು ಬೆಲೆ

ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಸದಾ ಎಲ್ಲರಿಗಿಂತ ಮುಂದೆ ನಿಲ್ಲುವ ಹುಡುಗನ ತಂದೆ-ತಾಯಿ ಒಂದಲ್ಲ ಒಂದು ದಿನ ಮಕ್ಕಳ ವೈದ್ಯರ ಮುಂದೆ ಕೂತು ಕೇಳುತ್ತಾರೆ: "ಡಾಕ್ಟ್ರೇ, ಮೆಸ್ಸಿಗೆ ಚಿಕ್ಕಂದಿನಲ್ಲಿ ಕೊಟ್ಟರಂತಲ್ಲ, ಆ ಇಂಜೆಕ್ಷನ್ನು ನಮ್ಮವನಿಗೂ ಕೊಡಬಹುದಾ?"

ಕೇಳಿದ ಸುದ್ದಿ ನಿಜ. ಅರ್ಜೆಂಟೀನಾದ ರೊಸಾರಿಯೊ ಊರಿನ ಆ ಪುಟ್ಟ ಆಟಗಾರನ ಮೈಯಲ್ಲಿ ಬೆಳವಣಿಗೆಯ ಹಾರ್ಮೋನು ಸಾಕಷ್ಟು ಇರಲಿಲ್ಲ. ರಾತ್ರಿಯ ಸೂಜಿಯ ಖರ್ಚು ಮನೆಯವರಿಗೆ ಹೊರೆಯಾಯಿತು. ಬಾರ್ಸಿಲೋನಾ ಕ್ಲಬ್ ಆ ಖರ್ಚನ್ನು ತಾನು ಹೊತ್ತುಕೊಂಡಿತು. ಹುಡುಗ ಬೆಳೆದು ಸುಮಾರು 170 ಸೆಂ.ಮೀ. ಎತ್ತರಕ್ಕೆ ನಿಂತ. ಎಲ್ಲರಿಗೂ ಗೊತ್ತಿರುವ ಕತೆ ಇಷ್ಟು. ಗೊತ್ತಿಲ್ಲದ ಅರ್ಧ ಇದರ ಹಿಂದೆ ಇದೆ: ಸೂಜಿ ಚುಚ್ಚಿದರೆ ಮಕ್ಕಳು ಉದ್ದ ಆಗುತ್ತಾರೆ ಎನ್ನುವುದಾದರೆ, ಕುಳ್ಳಗಿರುವ ಮಕ್ಕಳಿಗೆಲ್ಲ ವೈದ್ಯರು ಅದನ್ನು ಏಕೆ ಬರೆದುಕೊಡುವುದಿಲ್ಲ?

ಬ್ರಿಟನ್ನಿನ ಆರೋಗ್ಯ ವ್ಯವಸ್ಥೆ ಈ ಪ್ರಶ್ನೆಗೆ ಕಾಸಿನ ಲೆಕ್ಕದಲ್ಲೇ ಉತ್ತರ ಹುಡುಕಿತು. ಯಾವ ಔಷಧಕ್ಕೆ ಸಾರ್ವಜನಿಕರ ಹಣ ಸಲ್ಲಬೇಕು ಎಂದು ತೂಗಿ ಹೇಳಲು ಅಲ್ಲಿ 1999ರಲ್ಲಿ 'ನೈಸ್' ಎಂಬ ಸಂಸ್ಥೆ ಹುಟ್ಟಿತು. ಅದಕ್ಕಾಗಿ ಲೆಕ್ಕ ಹಾಕಿದ ತಜ್ಞರು 2010ರಲ್ಲಿ ಈ ಹಾರ್ಮೋನನ್ನು ಮಕ್ಕಳ ಆರು ಕಾಯಿಲೆಗಳ ಮುಂದಿಟ್ಟು ನೋಡಿದರು. ಔಷಧ ಒಂದೇ, ಸೀಸೆ ಒಂದೇ. ಆದರೂ ಒಂದು ಕಾಯಿಲೆಯಲ್ಲಿ ಒಂದು ಅಳತೆಯ ಆರೋಗ್ಯವನ್ನು ಕೊಳ್ಳಲು 23,196 ಪೌಂಡ್ ಸಾಕಾಯಿತು. ಇನ್ನೊಂದರಲ್ಲಿ 1,35,311 ಪೌಂಡ್ ಬೇಕಾಯಿತು. ಸುಮಾರು ಆರು ಪಟ್ಟು. ಈ ಅಂತರ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೊರಟರೆ ತಂದೆ-ತಾಯಿಯ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಕೆರೆ, ಕಾಲುವೆ, ಗದ್ದೆ

ಮೂಗಿನ ಬುಡದ ಹಿಂದೆ, ಮಿದುಳಿನ ಕೆಳಗೆ, ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ನೇತಾಡುತ್ತದೆ. ಅದನ್ನು ಊರ ಮೇಲಿನ ಕೆರೆ ಅಂದುಕೊಳ್ಳೋಣ. ಬೆಳವಣಿಗೆಯ ಹಾರ್ಮೋನು ಆ ಕೆರೆಯ ನೀರು. ತೂಬು ಹಗಲೆಲ್ಲ ತೆರೆದಿರುವುದಿಲ್ಲ. ಬಿಟ್ಟು ಬಿಟ್ಟು ತೆರೆದುಕೊಳ್ಳುತ್ತದೆ, ಅದರಲ್ಲೂ ಮಗು ಗಾಢ ನಿದ್ದೆಗೆ ಜಾರಿದಾಗ ಜೋರಾಗಿ. ಮಲಗುವ ಹೊತ್ತಿಗೆ ಸೂಜಿ ಕೊಡುವ ರೂಢಿ ಬಂದದ್ದೂ ಇದರಿಂದಲೇ.

ನೀರು ನೇರವಾಗಿ ಗದ್ದೆಗೇ ಹೋಗುವುದಿಲ್ಲ. ಹೆಚ್ಚಿನ ಪಾಲು ಯಕೃತ್ತಿಗೆ ತಲುಪಿ, ಅಲ್ಲಿ ಇನ್ನೊಂದು ಸಂದೇಶವಾಹಕವನ್ನು ಹೊರಡಿಸುತ್ತದೆ. ವೈದ್ಯರ ಬಾಯಲ್ಲಿ ಅದು ಐಜಿಎಫ್-1. ಇದು ನಮ್ಮ ಕಾಲುವೆ. ಕಾಲುವೆಯ ಕೊನೆಗೆ ಗದ್ದೆ: ತೊಡೆ, ಮೊಣಕಾಲು, ಮುಂಗೈಗಳ ಉದ್ದ ಮೂಳೆಗಳ ತುದಿಯಲ್ಲಿರುವ ಮೆತ್ತನೆಯ ಪಟ್ಟಿ. ಇದನ್ನು ಬೆಳವಣಿಗೆ ಪಟ್ಟಿ ಎನ್ನಬಹುದು. ಅಲ್ಲಿ ಕೋಶಗಳು ಒಂದರ ಮೇಲೊಂದು ಸಾಲುಗಟ್ಟಿ ಏಳುತ್ತವೆ, ಉಬ್ಬುತ್ತವೆ, ಆಮೇಲೆ ಗಟ್ಟಿಯಾಗಿ ಮೂಳೆಯಾಗುತ್ತವೆ. ನಾಲ್ಕು ವರ್ಷ ದಾಟಿದ ಮಗು ಹರೆಯದ ಹೊಸಿಲು ಮುಟ್ಟುವವರೆಗೆ ವರ್ಷಕ್ಕೆ ಸುಮಾರು 5 ಸೆಂ.ಮೀ. ಎದ್ದು ನಿಲ್ಲುವುದು ಈ ಪಟ್ಟಿಗಳ ದುಡಿಮೆಯಿಂದ.

ಗದ್ದೆಗೆ ಹಂಗಾಮು ಇರುವಂತೆ ಇದಕ್ಕೂ ಹಂಗಾಮು ಇದೆ. ಹರೆಯದ ಕೊನೆಗೆ ಈಸ್ಟ್ರೋಜನ್ ಹಾರ್ಮೋನು, ಹುಡುಗರಲ್ಲೂ ಅದೇ, ಪಟ್ಟಿಗಳನ್ನು ಬೆಸೆದು ಮುಚ್ಚಿಬಿಡುತ್ತದೆ. ಆಮೇಲೆ ಎಷ್ಟು ನೀರು ಹಾಯಿಸಿದರೂ ಒಂದು ಗೇಣು ಬೆಳೆ ಏಳುವುದಿಲ್ಲ. ಹದಿನೆಂಟು ದಾಟಿದವರಿಗೆ ಎತ್ತರದ ಆಸೆ ತೋರಿಸಿ ಮಾರುವ ಯಾವ ಪುಡಿ, ಯಾವ ಗುಳಿಗೆಯೂ ಕೆಲಸ ಮಾಡದಿರಲು ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಶವಾಗಾರದಿಂದ ಕಾರ್ಖಾನೆಗೆ

ಕೆರೆಯೇ ಬತ್ತಿದ ಮಕ್ಕಳಿಗೆ ಹೊರಗಿನಿಂದ ನೀರು ತುಂಬುವ ಯೋಚನೆ ಹಳೆಯದು. ಸಕ್ಕರೆ ಕಾಯಿಲೆಯವರಿಗೆ ದನದ, ಹಂದಿಯ ಇನ್ಸುಲಿನ್ ನಡೆದುಬಿಟ್ಟಿತ್ತು. ಆದರೆ ದನದ ಬೆಳವಣಿಗೆ ಹಾರ್ಮೋನು ಮನುಷ್ಯರ ಮೂಳೆಗೆ ನಾಟಲಿಲ್ಲ. ಬೀಗ ಬೇರೆ, ಕೀಲಿ ಬೇರೆ. ಮನುಷ್ಯರದ್ದೇ ಆಗಬೇಕು. ಅಮೆರಿಕದ ಬೋಸ್ಟನ್ನಿನಲ್ಲಿ ಮಾರಿಸ್ ರೇಬನ್ ಎಂಬ ವೈದ್ಯ ಸತ್ತವರ ಪಿಟ್ಯುಟರಿಯಿಂದ ಹಾರ್ಮೋನು ಬಸಿದು, ಹದಿನೇಳರ ಹುಡುಗನೊಬ್ಬನಿಗೆ ಕೊಟ್ಟು, ಅವನು ಬೆಳೆದದ್ದನ್ನು 1958ರಲ್ಲಿ ವರದಿ ಮಾಡಿದ.

ಆಮೇಲಿನ ಕಾಲು ಶತಮಾನ ಹಲವು ದೇಶಗಳಲ್ಲಿ ಶವಾಗಾರಗಳಿಂದ ಗ್ರಂಥಿಗಳನ್ನು ಕೂಡಿಹಾಕುವ ಕೆಲಸ ನಡೆಯಿತು. ಸಿಗುತ್ತಿದ್ದದ್ದು ಚಮಚದಷ್ಟು, ಕಾಯುತ್ತಿದ್ದವರು ಸಾಲುಸಾಲು. ಹಾಗಾಗಿ ತೀರಾ ಕೊರತೆ ಇದ್ದ ಮಕ್ಕಳಿಗೆ ಮಾತ್ರ ಕೊಡುತ್ತಿದ್ದರು. ಬ್ರಿಟನ್ನಿನಲ್ಲಿ ಸುಮಾರು 1,850 ಮಂದಿ ಇದನ್ನು ಪಡೆದರು. 1985ರಲ್ಲಿ ಅಮೆರಿಕದಿಂದ ಎದೆ ನಡುಗಿಸುವ ಸುದ್ದಿ ಬಂತು: ಚಿಕ್ಕಂದಿನಲ್ಲಿ ಈ ಸೂಜಿ ಪಡೆದಿದ್ದ ಕೆಲವು ಯುವಕರು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಿದುಳು ಕೊರೆಯುವ ರೋಗಕ್ಕೆ ಬಲಿಯಾಗಿದ್ದರು. ಯಾರದೋ ಸತ್ತ ಮಿದುಳಿನಲ್ಲಿದ್ದ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು ಹಾರ್ಮೋನಿನ ಜೊತೆಗೇ ಬಂದು, ವರ್ಷಗಟ್ಟಲೆ ಮಲಗಿದ್ದು, ಎದ್ದಿತ್ತು. ಕೆಲವೇ ವಾರಗಳಲ್ಲಿ ಅಮೆರಿಕ, ಬ್ರಿಟನ್ ಎರಡೂ ಆ ಹಾರ್ಮೋನನ್ನು ನಿಲ್ಲಿಸಿದವು. ಸಾವುಗಳು ಮಾತ್ರ ನಿಲ್ಲಲಿಲ್ಲ; ಮುಂದಿನ ದಶಕಗಳಲ್ಲಿ ಫ್ರಾನ್ಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ತಮ್ಮ ಮಗು ನಾಲ್ಕು ಅಂಗುಲ ಬೆಳೆಯಲಿ ಎಂದು ಆಸ್ಪತ್ರೆಗೆ ಕರೆದೊಯ್ದ ತಾಯಂದಿರ ಕತೆ ಇದು. ಈ ಔಷಧದ ಬಗ್ಗೆ ಬರೆಯುವವರು ಅದನ್ನು ಹಾರಿಸಿ ಮುಂದೆ ಹೋಗಬಾರದು.

ದಾರಿ ಅಷ್ಟರಲ್ಲಿ ಬೇರೆ ಕಡೆಯಿಂದ ತೆರೆದಿತ್ತು. 1979ರಲ್ಲಿ ಕ್ಯಾಲಿಫೋರ್ನಿಯಾದ ಜೆನೆನ್‌ಟೆಕ್ ಕಂಪನಿಯ ವಿಜ್ಞಾನಿಗಳು ಮನುಷ್ಯರ ಹಾರ್ಮೋನಿನ ಪಾಠವನ್ನು ಕರುಳಿನ ಬ್ಯಾಕ್ಟೀರಿಯಾಕ್ಕೆ ಕಲಿಸಿದ್ದರು. 191 ಕೊಂಡಿಗಳ ಸರಪಳಿ ಅದು. ಮೊದಲು ಮಾರುಕಟ್ಟೆಗೆ ಬಂದ ಸರಪಳಿಯಲ್ಲಿ ಒಂದು ಕೊಂಡಿ ಹೆಚ್ಚೇ ಇತ್ತು. ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1985ರ ಅಕ್ಟೋಬರಿನಲ್ಲಿ, ಹಳೆಯ ಹಾರ್ಮೋನು ನಿಂತ ಆರೇ ತಿಂಗಳಿಗೆ. ಈಗ ಸಿಗುವ, 191 ಕೊಂಡಿಗಳ ತಯಾರಿಕೆಯ ಹೆಸರು ಸೊಮಾಟ್ರೋಪಿನ್.

ಚಮಚದಲ್ಲಿ ಅಳೆಯುತ್ತಿದ್ದದ್ದು ಹಂಡೆಯಲ್ಲಿ ಸಿಗತೊಡಗಿತು. ಅಲ್ಲಿಂದ ಪ್ರಶ್ನೆಯೇ ಬದಲಾಯಿತು. ಇನ್ನೂ ಯಾರಿಗೆ ಕೊಡಬಹುದು? ಅಮೆರಿಕದಲ್ಲಿ 1993ರಲ್ಲಿ ಮೂತ್ರಪಿಂಡ ಸೋತ ಮಕ್ಕಳಿಗೆ, 1996ರಲ್ಲಿ ಟರ್ನರ್ ಸಿಂಡ್ರೋಮಿನ ಹುಡುಗಿಯರಿಗೆ, 2000ದಲ್ಲಿ ಪ್ರೇಡರ್-ವಿಲ್ಲಿ ಸಿಂಡ್ರೋಮಿಗೆ, ಹೀಗೆ ಪಟ್ಟಿ ಉದ್ದವಾಗುತ್ತ ಹೋಯಿತು.

ಆರು ಬಗೆಯ ಬರ

ಈ ಮಕ್ಕಳೆಲ್ಲ ಕುಳ್ಳಗಿರುತ್ತಾರೆ, ನಿಜ. ಆದರೆ ಬೆಳೆ ಒಣಗಿದ ಕಾರಣ ಒಂದೇ ಅಲ್ಲ.

ಹಾರ್ಮೋನಿನ ಕೊರತೆ ಇರುವ ಮಗುವಿನಲ್ಲಿ ಗದ್ದೆ ಚೆನ್ನಾಗಿದೆ, ಕಾಲುವೆ ಚೆನ್ನಾಗಿದೆ, ಕೆರೆ ಬರಿದು. ನೀರು ತುಂಬಿದರೆ ಪೈರು ತಾನಾಗಿ ಏಳುತ್ತದೆ. ಚಿಕಿತ್ಸೆ ಪಡೆದವರು ಪಡೆಯದವರಿಗಿಂತ ವರ್ಷಕ್ಕೆ 2.7 ಸೆಂ.ಮೀ. ಹೆಚ್ಚು ಬೆಳೆದರು ಎಂದು ಬ್ರಿಟಿಷ್ ತಜ್ಞರು ಕೂಡಿಸಿದ ಪುರಾವೆ ಹೇಳುತ್ತದೆ.

ಟರ್ನರ್ ಹುಡುಗಿಯ ಕತೆ ಬೇರೆ. ಸುಮಾರು 2,500 ಹೆಣ್ಣು ಶಿಶುಗಳಲ್ಲಿ ಒಂದಕ್ಕೆ ಎರಡು ಎಕ್ಸ್ ವರ್ಣತಂತುಗಳ ಪೈಕಿ ಒಂದು ಪೂರ್ತಿಯಾಗಿಯೋ ಅರೆಬರೆಯಾಗಿಯೋ ಇರುವುದಿಲ್ಲ. ಅವಳ ಕೆರೆ ತುಂಬಿದೆ. ಸೊರಗಿರುವುದು ಮಣ್ಣು. ಎಕ್ಸ್ ವರ್ಣತಂತುವಿನ ತುದಿಯಲ್ಲಿ ಶಾಕ್ಸ್ ಎಂಬ ಜೀನ್ ಇದೆ. ಬೆಳವಣಿಗೆ ಪಟ್ಟಿಯ ಕೋಶಗಳನ್ನು ಸಾಲಿನಲ್ಲಿ ನಿಲ್ಲಿಸುವ ಮೇಸ್ತ್ರಿ ಅದು. ಎಕ್ಸ್ ಒಂದು ಕಳೆದುಹೋದಾಗ ಇಬ್ಬರು ಮೇಸ್ತ್ರಿಗಳಲ್ಲಿ ಒಬ್ಬ ಕಳೆದುಹೋದ. ಉಳಿದೆಲ್ಲ ಸರಿಯಿದ್ದು ಶಾಕ್ಸ್ ಜೀನ್ ಮಾತ್ರ ಕೆಟ್ಟಿರುವ ಮಕ್ಕಳೂ ಇದ್ದಾರೆ. ಆರರ ಪಟ್ಟಿಯಲ್ಲಿ ಅದೂ ಒಂದು ಬೇರೆಯ ಕಾಯಿಲೆ. ಇಂಥ ಗದ್ದೆಗೆ ಸಾಮಾನ್ಯ ನೀರು ಸಾಲದು, ಕಟ್ಟೆ ತುಂಬ ಹಾಯಿಸಬೇಕು.

ಮೂತ್ರಪಿಂಡ ಸೋತ ಮಗುವಿನಲ್ಲಿ ತೊಂದರೆ ಕಾಲುವೆಯಲ್ಲಿದೆ. ಐಜಿಎಫ್-1ನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನುಗಳನ್ನು ಆರೋಗ್ಯವಾದ ಮೂತ್ರಪಿಂಡ ಸೋಸಿ ಹೊರಹಾಕುತ್ತಿರುತ್ತದೆ. ಅದು ಸೋತಾಗ ಈ ಪ್ರೋಟೀನುಗಳು ಕಾಲುವೆಯಲ್ಲಿ ಜೊಂಡಿನಂತೆ ಹಬ್ಬಿ ನೀರನ್ನು ತಡೆಯುತ್ತವೆ. ಜೊಂಡು ಮುಳುಗುವಷ್ಟು ನೀರು ಬಿಟ್ಟರೆ ಒಂದಿಷ್ಟು ಗದ್ದೆ ಮುಟ್ಟುತ್ತದೆ.

ತಾಯಿಯ ಹೊಟ್ಟೆಯಲ್ಲೇ ಬೆಳವಣಿಗೆ ಕುಂಠಿತವಾಗಿ ಹುಟ್ಟುವ ಕೂಸುಗಳಲ್ಲಿ ಬಹುಪಾಲು ಎರಡು ವರ್ಷದೊಳಗೆ ಓರಗೆಯವರನ್ನು ಹಿಡಿಯುತ್ತವೆ. ನಾಲ್ಕು ತುಂಬಿದರೂ ಹಿಂದೆಯೇ ಉಳಿದವರಿಗೆ ಮಾತ್ರ ಈ ಸೂಜಿಯ ಮಾತು. ಚಿಕಿತ್ಸೆಯಿಂದ ಅವರು ದೊಡ್ಡವರಾದಾಗ ದಕ್ಕುವುದು ಸುಮಾರು 4 ಸೆಂ.ಮೀ.

ಆರನೆಯದು ಪ್ರೇಡರ್-ವಿಲ್ಲಿ. ಹದಿನೈದನೆಯ ವರ್ಣತಂತುವಿನಲ್ಲಿ ತಂದೆಯಿಂದ ಬರಬೇಕಾದ ಒಂದು ತುಣುಕು ಕೆಲಸ ಮಾಡದೆ ಹೋದಾಗ ಇದು ಹುಟ್ಟುತ್ತದೆ. ಹುಟ್ಟಿದ ಕೂಸು ಹತ್ತಿಯ ಮೂಟೆಯಂತೆ ಸಡಿಲ. ಹಾಲು ಚೀಪಲೂ ಬಲವಿಲ್ಲ. ಕೆಲವು ವರ್ಷ ಕಳೆದ ಮೇಲೆ ಎಲ್ಲ ತಿರುಗುಮುರುಗು. ಹೊಟ್ಟೆ ತುಂಬಿತು ಎಂಬ ಸುದ್ದಿ ಮಿದುಳಿಗೆ ತಲುಪುವುದೇ ಇಲ್ಲ. ಅಡುಗೆಮನೆಗೆ ಬೀಗ ಹಾಕಿ ಬದುಕುವ ಮನೆಗಳಿವೆ. ಕುಳ್ಳತನ ಈ ಮಕ್ಕಳ ಕಷ್ಟಗಳ ಪೈಕಿ ಚಿಕ್ಕದು. ಈ ಮಾತು ನೆನಪಿನಲ್ಲಿರಲಿ. ಆರು ಪಟ್ಟು ಬೆಲೆಯ ಗುಟ್ಟು ಇಲ್ಲೇ ಇದೆ.

ತೂಕಕ್ಕೆ ತಕ್ಕ ಸೂಜಿ

ಬೆಲೆಯ ಮೊದಲ ಅಂತರ ಸೂಜಿಯ ಗಾತ್ರದಲ್ಲೇ ಕಾಣುತ್ತದೆ. ಕೆರೆ ಬತ್ತಿದ ಮಗುವಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 0.025 ಮಿ.ಗ್ರಾಂ. ಸಾಕು. ಟರ್ನರ್, ಶಾಕ್ಸ್, ಮೂತ್ರಪಿಂಡದ ಮಕ್ಕಳಿಗೆ 0.045ರಿಂದ 0.05 ಬೇಕು, ಹೆಚ್ಚುಕಡಿಮೆ ಎರಡರಷ್ಟು. ಪ್ರೇಡರ್-ವಿಲ್ಲಿಗೂ ಚಿಕ್ಕದಾಗಿ ಹುಟ್ಟಿದ ಮಕ್ಕಳಿಗೂ 0.035.

ಆಗಿನ ಬ್ರಿಟಿಷ್ ದರ ಒಂದು ಮಿ.ಗ್ರಾಂ.ಗೆ ಹತ್ತಿರ ಹತ್ತಿರ 20 ಪೌಂಡ್. ಇಪ್ಪತ್ತು ಕಿಲೋ ತೂಗುವ ಮಗುವನ್ನು ತೆಗೆದುಕೊಳ್ಳೋಣ. ಕೊರತೆಯ ಮಗುವಿಗೆ ದಿನಕ್ಕೆ ಅರ್ಧ ಮಿ.ಗ್ರಾಂ., ವರ್ಷಕ್ಕೆ 3,650 ಪೌಂಡ್. ಅಷ್ಟೇ ತೂಕದ ಟರ್ನರ್ ಹುಡುಗಿಗೆ 0.9 ಮಿ.ಗ್ರಾಂ., ವರ್ಷಕ್ಕೆ 6,570 ಪೌಂಡ್. ಮಗು ಬೆಳೆದು ನಲವತ್ತು ಕಿಲೋ ಆದಾಗ ಎರಡೂ ಲೆಕ್ಕ ದುಪ್ಪಟ್ಟು. ಔಷಧ ಫಲಿಸಿದಷ್ಟೂ ಮಗುವಿನ ತೂಕ ಏರುತ್ತದೆ, ಅದರ ಬೆನ್ನಿಗೇ ಬಿಲ್ಲೂ ಏರುತ್ತದೆ. ಈ ಚಿಕಿತ್ಸೆ ವರ್ಷಗಟ್ಟಲೆ ನಡೆಯುವಂಥದ್ದು ಎಂಬುದನ್ನೂ ಮರೆಯುವಂತಿಲ್ಲ.

ಇಷ್ಟಾದರೂ ಆರು ಪಟ್ಟಿನ ಅಂತರ ಬಿಡಿಸಿಕೊಳ್ಳುವುದಿಲ್ಲ. ಪ್ರೇಡರ್-ವಿಲ್ಲಿಯ ಸೂಜಿ ಟರ್ನರ್ ಸೂಜಿಗಿಂತ ಸಣ್ಣದು. ಆದರೂ ಅದರ ಬೆಲೆ ಮೂರು ಪಟ್ಟಿಗಿಂತ ಹೆಚ್ಚು ಹೇಗಾಯಿತು?

ಸೇರಿನಲ್ಲಿ ಅಳೆದ ವರ್ಷ

ಇದಕ್ಕೆ ನೈಸ್ ಬಳಸುವ ಅಳತೆಗೋಲನ್ನು ನೋಡಬೇಕು. ಕನ್ನಡದಲ್ಲಿ ಅದನ್ನು 'ಸ್ವಸ್ಥ ವರ್ಷ' ಎನ್ನೋಣ. ಆ ವಲಯದವರು ಬಾಯಿಮಾತಿನಲ್ಲಿ 'ಕ್ವಾಲಿ' ಎನ್ನುತ್ತಾರೆ. ಪೂರ್ತಿ ಆರೋಗ್ಯದಿಂದ ಬದುಕಿದ ಒಂದು ವರ್ಷ ಅಂದರೆ ತಲೆ ತಟ್ಟಿ ತುಂಬಿದ ಒಂದು ಸೇರು. ನೋವು, ನಿತ್ರಾಣ, ಆತಂಕಗಳ ನಡುವೆ ಕಳೆದ ವರ್ಷ ಮುಕ್ಕಾಲು ಸೇರಾಗಬಹುದು, ಅರ್ಧವಾಗಬಹುದು. ಔಷಧ ಎರಡು ರೀತಿ ಸೇರು ತುಂಬುತ್ತದೆ: ವರ್ಷಗಳನ್ನು ಹೆಚ್ಚಿಸಿ, ಇಲ್ಲವೇ ಇರುವ ವರ್ಷಗಳನ್ನು ತುಂಬಿಸಿ. ಹೆಚ್ಚುವರಿ ಖರ್ಚನ್ನು ಹೆಚ್ಚುವರಿ ಸೇರುಗಳಿಂದ ಭಾಗಿಸಿದರೆ ಒಂದು ಸೇರಿನ ಬೆಲೆ ಬರುತ್ತದೆ.

ಒಂದು ಕಲ್ಪನೆಯ ಲೆಕ್ಕ: ಚಿಕಿತ್ಸೆಗೆ 60,000 ಪೌಂಡ್ ತಗಲಿ, ಇಡೀ ಬದುಕಿನಲ್ಲಿ ಎರಡೂವರೆ ಸೇರು ಹೆಚ್ಚು ತುಂಬಿದರೆ, ಸೇರಿಗೆ 24,000. ಅದೇ 60,000ಕ್ಕೆ ಅರ್ಧ ಸೇರು ಮಾತ್ರ ಸಿಕ್ಕರೆ, ಸೇರಿಗೆ 1,20,000. ಸೀಸೆಯ ಮೇಲಿನ ಬೆಲೆಚೀಟಿ ಬದಲಾಗಿಲ್ಲ. ಅದು ಯಾವ ಮೈಯೊಳಗೆ ಹೋಯಿತು, ಅಲ್ಲಿ ಏನನ್ನು ಬದಲಿಸಿತು ಎಂಬುದು ಬೆಲೆ ಕಟ್ಟಿತು. ಸೇರಿಗೆ 20,000ದಿಂದ 30,000 ಪೌಂಡ್ ಒಳಗಿದ್ದರೆ ಸಾರ್ವಜನಿಕರ ಹಣ ಕೊಡಬಹುದು ಎಂಬುದು ಆಗ ನೈಸ್ ಹಾಕಿಕೊಂಡಿದ್ದ ಗೆರೆ. ಗೆರೆಯ ಅಗತ್ಯವಾದರೂ ಏನು? ಒಬ್ಬರ ಸೂಜಿಗೆ ಹೋದ ಹಣ ಇನ್ನೊಬ್ಬರ ಡಯಾಲಿಸಿಸ್ಸಿಗೆ, ಮತ್ತೊಬ್ಬರ ಹೆರಿಗೆ ವಾರ್ಡಿಗೆ ಉಳಿಯುವುದಿಲ್ಲ. ಬೊಕ್ಕಸ ಒಂದೇ.

ಮಕ್ಕಳ ಔಷಧಕ್ಕೆ ಈ ಲೆಕ್ಕದಲ್ಲಿ ಇನ್ನೊಂದು ಏಟು ಬೀಳುತ್ತದೆ. ಕೈಯಲ್ಲಿರುವ ಇವತ್ತಿನ ಹಣಕ್ಕಿಂತ ಮುಂದೆಂದೋ ಬರುವ ಲಾಭಕ್ಕೆ ಬೆಲೆ ಕಡಿಮೆ ಎಂದು ಅರ್ಥಶಾಸ್ತ್ರಜ್ಞರು ವರ್ಷಕ್ಕೆ ಶೇ. 3.5ರಂತೆ ಕಳೆಯುತ್ತಾರೆ. ಇಪ್ಪತ್ತು ವರ್ಷದ ಆಚೆಯ ಒಂದು ಸೇರು ಇವತ್ತಿನ ಲೆಕ್ಕಕ್ಕೆ ಅರ್ಧ ಸೇರಾಗಿ ಕಾಣುತ್ತದೆ. ಖರ್ಚೆಲ್ಲ ಬಾಲ್ಯದಲ್ಲಿ, ಫಲವೆಲ್ಲ ಮುಂದಿನ ಅರವತ್ತು ವರ್ಷಗಳಲ್ಲಿ. ಎಪ್ಪತ್ತರ ವಯಸ್ಸಿನವರ ಮಂಡಿ ಶಸ್ತ್ರಚಿಕಿತ್ಸೆಗೆ ಇಲ್ಲದ ಕಷ್ಟ ಇದು.

ಹಸಿವನ್ನು ಕೇಳದ ಐದು ಪ್ರಶ್ನೆ

ಎತ್ತರ ಹೆಚ್ಚಿದ್ದರಿಂದ ಬದುಕಿನ ಸೇರು ಎಷ್ಟು ತುಂಬಿತು ಎಂದು ಹೇಗೆ ಹೇಳುವುದು? ಲೆಕ್ಕ ಹಾಕಿದವರು ಇಂಗ್ಲೆಂಡಿನ ವಯಸ್ಕರ ಆರೋಗ್ಯ ಸಮೀಕ್ಷೆಯ ಮೊರೆ ಹೋದರು. ಅದರಲ್ಲಿ ಎತ್ತರವನ್ನೂ ಅಳೆದಿದ್ದರು, ಐದು ಪ್ರಶ್ನೆಗಳನ್ನೂ ಕೇಳಿದ್ದರು: ಓಡಾಡಲು ಆಗುತ್ತದೆಯೇ, ಸ್ನಾನ-ಬಟ್ಟೆ ತಾವೇ ಮಾಡಿಕೊಳ್ಳುತ್ತಾರೆಯೇ, ದಿನದ ಕೆಲಸ ನಡೆಯುತ್ತದೆಯೇ, ನೋವಿದೆಯೇ, ಆತಂಕವೋ ಖಿನ್ನತೆಯೋ ಇದೆಯೇ. ತೀರಾ ಕುಳ್ಳಗಿರುವವರಲ್ಲಿ ಒಂದೊಂದು ಹಂತದ ಎತ್ತರಕ್ಕೂ ಉತ್ತರ ಸುಧಾರಿಸುತ್ತಿತ್ತು. ಸರಾಸರಿಯ ಹತ್ತಿರ ಬಂದ ಮೇಲೆ ಎತ್ತರ ಹೆಚ್ಚಿದರೂ ಉತ್ತರ ಅಲುಗುತ್ತಿರಲಿಲ್ಲ. ನಮ್ಮ ಮಕ್ಕಳ ವೈದ್ಯರ ಮುಂದೆ ಕೂತ ತಂದೆ-ತಾಯಿಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು: ಕೆರೆಯೂ ಗದ್ದೆಯೂ ಸರಿಯಿರುವ, ಮನೆತನದ ಎತ್ತರವನ್ನೇ ಪಡೆದಿರುವ ಹುಡುಗನಿಗೆ ಎರಡು ಅಂಗುಲದಿಂದ ಆರೋಗ್ಯ ತುಂಬುವುದಿಲ್ಲ.

ಆದರೆ ಪ್ರೇಡರ್-ವಿಲ್ಲಿಯ ಮಗುವಿಗೆ ಈ ದಾರಿಯಿಂದ ಅನ್ಯಾಯವಾಯಿತು. ಪ್ರಯೋಗಗಳಲ್ಲಿ ಆ ಮಕ್ಕಳು ಚಿಕಿತ್ಸೆ ಇಲ್ಲದವರಿಗಿಂತ 6.2 ಸೆಂ.ಮೀ. ಹೆಚ್ಚು ಬೆಳೆದರು. ಅದು ಲೆಕ್ಕಕ್ಕೆ ಬಂತು. ಮೈಯ ಕೊಬ್ಬು ಇಳಿದದ್ದು, ಸ್ನಾಯು ಗಟ್ಟಿಯಾದದ್ದು ಎತ್ತರದ ಕೋಲಿಗೆ ಸಿಗಲೇ ಇಲ್ಲ. ಹಾರ್ಮೋನು ಹಸಿವನ್ನು ಆರಿಸುವುದಿಲ್ಲ, ಅದನ್ನೂ ಸ್ಪಷ್ಟವಾಗಿ ಹೇಳಬೇಕು. ಆದರೆ ಸಡಿಲ ಮೈಯ ಮಗು ಎದ್ದು ಓಡಾಡುವಂತಾದರೆ, ಬೊಜ್ಜು ತರುವ ಸಕ್ಕರೆ ಕಾಯಿಲೆ ದೂರವಾದರೆ, ಆ ಮನೆಯ ಬದುಕೇ ಬೇರೆ. ಅಳತೆಗೋಲು ಕುಳ್ಳತನಕ್ಕೆಂದು ಕೊರೆದದ್ದು. ಆ ಮಗುವಿನ ಕಷ್ಟ ಇರುವುದು ಇನ್ನೆಲ್ಲೋ. 1,35,311 ಎಂಬ ಸಂಖ್ಯೆ ಹುಟ್ಟಿದ್ದರ ದೊಡ್ಡ ಕಾರಣ ಇದು. 30,000ದ ಗೆರೆಯೊಳಗೆ ಬೀಳುವ ಸಾಧ್ಯತೆ ಹಾರ್ಮೋನು ಕೊರತೆಗೆ ಶೇ. 95 ಇದ್ದರೆ, ಪ್ರೇಡರ್-ವಿಲ್ಲಿಗೆ ಶೇ. 1. ಉಳಿದ ನಾಲ್ಕೂ ಗೆರೆಯ ಸ್ವಲ್ಪ ಆಚೆ ನಿಂತಿದ್ದವು: ಚಿಕ್ಕದಾಗಿ ಹುಟ್ಟಿದವರಿಗೆ 33,079, ಮೂತ್ರಪಿಂಡದವರಿಗೆ 39,273, ಟರ್ನರ್‌ಗೆ 39,460, ಶಾಕ್ಸ್‌ಗೆ 40,531.

ಸಂಖ್ಯೆಯನ್ನೇ ನಂಬಿ ಕೂತಿದ್ದರೆ ಐದು ಕಾಯಿಲೆಗಳ ಮಕ್ಕಳು ಬಾಗಿಲ ಹೊರಗೆ ಉಳಿಯುತ್ತಿದ್ದರು. 2010ರ ಮೇ ತಿಂಗಳಲ್ಲಿ ನೈಸ್ ಸಮಿತಿ ಆರಕ್ಕೂ ಒಪ್ಪಿಗೆ ಕೊಟ್ಟಿತು. ಕಂಪನಿಗಳು ಒಪ್ಪಿಸಿದ ಬೇರೆ ಲೆಕ್ಕಗಳನ್ನೂ ನೋಡಿತು, ಎತ್ತರದ ಕೋಲಿಗೆ ಸಿಗದ ಲಾಭಗಳಿವೆ ಎಂದು ಒಪ್ಪಿತು, ಪ್ರೇಡರ್-ವಿಲ್ಲಿಯಲ್ಲಿ ಮೈಕಟ್ಟಿನ ಬದಲಾವಣೆಗೆ ತೂಕ ಕೊಟ್ಟಿತು. ಜೊತೆಗೆ ಕಟ್ಟುಪಾಡುಗಳೂ ಬಂದವು. ಮೊದಲ ವರ್ಷದಲ್ಲಿ ಬೆಳವಣಿಗೆಯ ವೇಗ ಮೊದಲಿಗಿಂತ ಅರ್ಧದಷ್ಟಾದರೂ ಹೆಚ್ಚದಿದ್ದರೆ ಸೂಜಿ ನಿಲ್ಲಿಸಬೇಕು. ಪೂರ್ಣ ಎತ್ತರ ಹತ್ತಿರವಾಗಿ ವರ್ಷಕ್ಕೆ 2 ಸೆಂ.ಮೀ.ಗಿಂತ ಕಡಿಮೆ ಬೆಳೆಯುವಾಗ ನಿಲ್ಲಿಸಬೇಕು. ಹಲವು ಕಂಪನಿಗಳ ಸೀಸೆ ಸಮನಾಗಿ ಹೊಂದುವುದಾದರೆ ಅಗ್ಗದ್ದನ್ನೇ ಆರಿಸಬೇಕು. ಪ್ರೇಡರ್-ವಿಲ್ಲಿಯಲ್ಲಿ ಮಾತ್ರ ನಿಲ್ಲಿಸುವ ಮುಂಚೆ ಮೈಕಟ್ಟನ್ನೂ ನೋಡಬೇಕು.

ಲೆಕ್ಕ ಇಟ್ಟುಕೊಂಡು, ಲೆಕ್ಕದ ತೂತನ್ನೂ ಕಂಡು ಮಾಡಿದ ಈ ತೀರ್ಮಾನ ಸರಿಯಾದದ್ದು. ಅಮೆರಿಕದ ದಾರಿ ಬೇರೆ. ಅಲ್ಲಿ 2003ರಲ್ಲಿ ಯಾವ ಕಾಯಿಲೆಯೂ ಪತ್ತೆಯಾಗದ, ಬರೀ ತೀರಾ ಕುಳ್ಳಗಿರುವ ಮಕ್ಕಳಿಗೂ ಇದಕ್ಕೆ ಅನುಮತಿ ಸಿಕ್ಕಿತು. ಐದು ವರ್ಷದ ಚಿಕಿತ್ಸೆಯಿಂದ ಅವರಿಗೆ ಸಿಗುವುದು 1.9 ಅಂಗುಲ, ಒಂದು ಅಂಗುಲಕ್ಕೆ 52,634 ಡಾಲರ್ ಎಂದು 2006ರಲ್ಲಿ ಅಲ್ಲಿನ ಸಂಶೋಧಕರೇ ಲೆಕ್ಕ ತೆಗೆದರು. ನೈಸ್ ಪಟ್ಟಿಯಲ್ಲಿ ಆ ಗುಂಪು ಇಲ್ಲ.

ಬಾಗಿಲ ಚೌಕಟ್ಟಿನ ಗೀಟು

ಭಾರತದಲ್ಲಿ ಈ ಸೂಜಿಯ ಖರ್ಚು ಬಹುಮಟ್ಟಿಗೆ ಮನೆಯವರ ಜೇಬಿನದ್ದು. 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿ ಒಂದು ಕಿಟಕಿ ತೆರೆಯಿತು: ಖಚಿತಪಟ್ಟ ಹಾರ್ಮೋನು ಕೊರತೆ, ಟರ್ನರ್, ಪ್ರೇಡರ್-ವಿಲ್ಲಿಗಳಿಗೆ ಈ ಚಿಕಿತ್ಸೆ ಅದರ ಎರಡನೆಯ ಗುಂಪಿನಲ್ಲಿದೆ. ದೀರ್ಘಕಾಲ ಬೇಕಾಗುವ, ಆದರೆ ಉಳಿದ ವಿರಳ ಕಾಯಿಲೆಗಳಿಗೆ ಹೋಲಿಸಿದರೆ ಖರ್ಚು ಕಡಿಮೆ ಇರುವ, ಫಲ ಸಾಬೀತಾದ ಚಿಕಿತ್ಸೆಗಳ ಗುಂಪು ಅದು. ನೆರವು ನಿಗದಿತ ಕೇಂದ್ರಗಳ ಮೂಲಕ ಬರುತ್ತದೆ. ಬೆಂಗಳೂರಿನಲ್ಲಿ ಮಾನವ ತಳಿಶಾಸ್ತ್ರ ಕೇಂದ್ರ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿ ಅಂಥ ಕೇಂದ್ರವಾಗಿದೆ. 2022ರಿಂದ ನೆರವಿನ ಮಿತಿ 50 ಲಕ್ಷ ರೂಪಾಯಿ.

ಆದರೆ ಹಣ ಬಂದರೂ ಹಂಗಾಮು ಕಾಯುವುದಿಲ್ಲ. ಎಷ್ಟೋ ಟರ್ನರ್ ಹುಡುಗಿಯರು ವೈದ್ಯರ ಕಣ್ಣಿಗೆ ಬೀಳುವುದು ಹದಿನಾಲ್ಕು ಹದಿನೈದಾದರೂ ಮೈನೆರೆಯಲಿಲ್ಲ ಎಂದು ತಾಯಿ ಕರೆತಂದಾಗ. ಐದನೇ ವಯಸ್ಸಿನಲ್ಲಿ ಶುರುವಾಗಿದ್ದರೆ ಹತ್ತು ವರ್ಷದ ಬೆಳೆ. ಈಗ ಉಳಿದಿರುವುದು ಒಂದೆರಡು ಹದ ಮಳೆ. ಇಪ್ಪತ್ತು ಕಿಲೋ ಇದ್ದಾಗ ಬೇಕಿದ್ದ ಸೂಜಿಯ ಎರಡರಷ್ಟು ಸೂಜಿ, ಫಲ ಅದರ ಒಂದು ಪಾಲು.

ಬೇಗ ಕಂಡುಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ. ಅಂಗನವಾಡಿಗಳಲ್ಲಿ ಆರು ವರ್ಷದವರೆಗೆ ಎತ್ತರ ಅಳೆಯುವ ಕೋಲುಗಳಿವೆ. ಆಮೇಲೆ ಶಾಲೆಯಲ್ಲಿ, ಮನೆಯಲ್ಲಿ ಅಳೆಯುವವರು ಬೇಕು. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಬಾಗಿಲ ಚೌಕಟ್ಟಿಗೆ ಮಗುವನ್ನು ಒರಗಿಸಿ ಪೆನ್ಸಿಲ್ ಗೀಟು ಎಳೆದು ತಾರೀಖು ಬರೆಯುವ ಮನೆಗಳಲ್ಲಿ ವೈದ್ಯರಿಗೆ ಬೇಕಾದ ಪುರಾವೆ ಚೌಕಟ್ಟಿನ ಮೇಲೇ ಇರುತ್ತದೆ. ಮಗು ಎಷ್ಟು ಕುಳ್ಳಗಿದೆ ಎಂಬುದಕ್ಕಿಂತ ಎರಡು ಗೀಟುಗಳ ನಡುವಿನ ಅಂತರವನ್ನು ಅವರು ಮೊದಲು ನೋಡುತ್ತಾರೆ. ಐದು ವರ್ಷ ದಾಟಿದ ಮಗುವಿಗೆ ಆ ಅಂತರ ವರ್ಷಕ್ಕೆ ನಾಲ್ಕು ಸೆಂ.ಮೀ.ಗಿಂತ ಕಡಿಮೆಯಾದರೆ, ಆ ವರ್ಷವೇ ರಕ್ತಪರೀಕ್ಷೆಗೆ ಕರೆತನ್ನಿ ಎನ್ನುತ್ತಾರೆ.